ಕಚ್ಚಾ ಹೊಲಿಗೆ

ಹಸ್ಕೇಲ್ ಮಾಸ್ತರರು ತೀರಿದ ಎಂಟನೆಯ ದಿನ
ಜೆರೂಶಾ ನನ್ನ ಅಂಗಡಿಗೆ ಬಂದಳು,
ರಾಸ್ತಾ ಪೇಠಿನ ಓಣಿಯಲ್ಲಿ, ಹಿಂದೆ ಹಾಲಿನ ಹುಡುಗ,
ಅವನ ತಲೆಯ ಮೇಲೆ ಅವಳ ಹಾರ್ಮೋನಿಯಂ.
ಏಳು ದಿನ ನೆಲದಲ್ಲಿ ಕೂತ ಸೀರೆಯ ಸುಕ್ಕು.
ಕನ್ನಡಿಗೆ ಬಟ್ಟೆ ಹೊದಿಸಿದ ಮನೆಯಿಂದ ಬಂದ
ಓರೆ ಬೈತಲೆ.

"ರಿಪೇರಿಗಲ್ಲ, ಗದಗಕರ್. ಇಟ್ಟುಕೊಳ್ಳೋದಕ್ಕೆ.
ಹನ್ನೆರಡು ತಿಂಗಳು. ಮನೆಯಲ್ಲಿದ್ದರೆ
ಬೆರಳು ಸುಮ್ಮನಿರೋದಿಲ್ಲ."

(ಊರಿಗೆ ಒಂದು 'ಕರ್' ಹಚ್ಚಿ ಮನುಷ್ಯನನ್ನು ಮಾಡುವುದು ಇಲ್ಲಿಯ ವಾಡಿಕೆ.
ಅವಳು ವಾಕ್ರೂಲ್ಕರ್. ಕೊಂಕಣದ ಗಾಣ ಬಿಟ್ಟು ನಾಲ್ಕು ತಲೆಮಾರು;
ಶನಿವಾರ ಎತ್ತು ಕಟ್ಟದ ಗಾಣಿಗರು.
ನಾನು ಗದಗ ಬಿಟ್ಟು ಮೂವತ್ತು ವರ್ಷ.)

ಮುಚ್ಚಿಟ್ಟ ಪೆಟ್ಟಿಗೆ ಕೆಡುತ್ತದೆ, ನಾನಂದೆ.
ತಿದಿಯ ಚರ್ಮ ಬಿರುಸಾಗುತ್ತದೆ, ಉಣ್ಣೆಗೆ ನುಸಿ.
ವಾರಕ್ಕೊಮ್ಮೆ ಉಸಿರಾಡಿಸಬೇಕು.

"ಆಡಿಸಿ. ಬುಧವಾರ ಮಧ್ಯಾಹ್ನ ನಾನು ಆಸ್ಪತ್ರೆಯಲ್ಲಿರ್ತೀನಿ,
ಹುಟ್ಟಿದವರ ಹೆಸರು ಬರೀತಾ."

ಸೆರಗು ಸರಿದಾಗ ಕಂಡಿತು:
ಎಡಗಡೆ, ಎದೆಯ ಮೇಲೆ, ಗೇಣುದ್ದ ಹರಿದ ರವಿಕೆ,
ಅದಕ್ಕೆ ಮಕ್ಕಳು ಹಾಕಿದಂಥ ದಪ್ಪ ದಪ್ಪ ಹೊಲಿಗೆ.
ತೇಪೆಯಲ್ಲೇ ಅನ್ನ ತಿಂದವನು ನಾನು, ಬಾಯಿ ತಡೆಯಲಿಲ್ಲ:
ಕೊಡಿ, ಗುರುತೇ ಸಿಗದ ಹಾಗೆ ಮಾಡಿಸಿಕೊಡುತ್ತೇನೆ.

ಮೊದಲ ಸಲ ನಕ್ಕಳು.
"ತಂದೆತಾಯಿಗೆ ಹರಿದದ್ದನ್ನ ಚೆಂದಾಗಿ ಹೊಲಿಯೋ ಹಾಗಿಲ್ಲ.
ಕಚ್ಚಾ ಹೊಲಿಗೆ, ಅಷ್ಟೇ. ಬಟ್ಟೆ ಸವೆಯೋತನಕ.
ಗಂಡನಿಗೆ ಹರಿದದ್ದು, ನೋಡಿ, ತಿಂಗಳಿಗೇ ಹೊಲಿದಾಗಿತ್ತು.
ಕಾಯಿದೆಯೇ ಹಾಗೆ."

ಭಾದ್ರಪದದಲ್ಲಿ ಪೇಠೆ ಒಡೆದು ಹೋಯಿತು.
ನೂರು ಢೋಲು, ಐವತ್ತು ತಾಶೆ; ನನ್ನ ಕಪಾಟಿನೊಳಗೆ
ಬಿಚ್ಚಿಟ್ಟ ರೀಡುಗಳೆಲ್ಲ ತಾವಾಗಿಯೇ ಗುಂಯ್‌ಗುಟ್ಟಿದವು.
ಗಣಪತಿ ದಾಟುವ ತನಕ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು,
ಕೈಯಲ್ಲಿ ಹಾಗಲಕಾಯಿ ಚೀಲ.
ಇದಕ್ಕೇನು ಪ್ರಾಯಶ್ಚಿತ್ತ? ಎಂದೆ.
ಕಿವಿಗೆ ತಾನಾಗಿ ಬಿದ್ದರೆ ದೋಷವಿಲ್ಲವಂತೆ,
ತಾವಾಗಿ ಕಿವಿಗೊಟ್ಟರೆ ಉಂಟಂತೆ.

ನಮ್ಮ ಕಡೆ ತೊಡಕು ಇನ್ನೂ ಹೆಚ್ಚು, ನಾನಂದೆ:
ಹಾಡು ಕೇಳುವುದು, ಸಾಲ ಕೇಳುವುದು, ಕ್ಷೇಮ ಕೇಳುವುದು,
ಎಲ್ಲಕ್ಕೂ ಒಂದೇ ಮಾತು.

ಕಾರ್ತಿಕದಲ್ಲಿ ಅಕ್ಕನ ಮಗಳ ಮದುವೆ.
ಕ್ಯಾಂಪಿನ ಹಾಲು, ಬ್ಯಾಂಡಿನವರ ಜರಿಯ ಅಂಗಿ,
ಮದುಮಗನ ಕಡೆಯಿಂದ ಒಬ್ಬ ಕ್ಲಾರಿಯೊನೆಟ್ಟು, ಭಯಂಕರ ಅಪಸ್ವರ.
ಹಿಂದಿನ ಬಾಗಿಲಲ್ಲಿ ಜೆರೂಶಾ: ಸೊಂಟಕ್ಕೆ ಟವೆಲು,
ತೆಂಗಿನಹಾಲಿನ ಕೋಳಿಸಾರಿನ ಬಕೆಟ್ಟು.
"ನೆಂಟಳಾಗಿ ಬರುವಂತಿಲ್ಲ, ಗದಗಕರ್, ಆಳಾಗಿ ಬರಬಹುದು."
ಮೂರು ಪಂಕ್ತಿ ಬಡಿಸಿದಳು.
ಮದುಮಗಳ ಎಲೆಗೆ ಬಂದಾಗ ಸೌಟು ಸ್ವಲ್ಪ ಹೊತ್ತು
ಗಾಳಿಯಲ್ಲೇ ನಿಂತಿತು;
ಅಷ್ಟರಲ್ಲಿ ಯಾರೋ ಪೂರಿ ಎಂದು ಕೂಗಿದರು.

ಸಿನಗಾಗಿನಲ್ಲಿ ಮಾಸ್ತರರ ಹೆಸರಿಗೆ ಪ್ರಾರ್ಥನೆಯಾಗಲು
ಹತ್ತು ಗಂಡಸರು ಬೇಕು.
ಒಂದು ಮಳೆಯ ಸಂಜೆ ಒಂಬತ್ತೇ ಇದ್ದರು. ನಾನು ಹೊಸ್ತಿಲಲ್ಲಿ ಕೊಡೆ ಮಡಚುತ್ತಿದ್ದೆ.
ಎಲ್ಲರೂ ನನ್ನ ಕಡೆ ನೋಡಿದರು, ಆಮೇಲೆ ರಸ್ತೆಯ ಕಡೆ.

ವರ್ಷ ತುಂಬಿತು.
ಪೆಟ್ಟಿಗೆ ತೆಗೆದರೆ ತಿದಿಯ ಮೂರನೆಯ ಮಡಿಕೆಯಲ್ಲಿ ತೂತು,
ಇಲಿಯೋ, ನನ್ನ ಅಜಾಗರೂಕತೆಯೋ.
ಸೂಜಿ ಹಿಡಿದು ಅವಳ ಮುಖ ನೋಡಿದೆ:
ಇದಕ್ಕೂ ಕಚ್ಚಾ ಹೊಲಿಗೆಯೇ?

"ಹುಚ್ಚರೇ ನೀವು? ಇದು ತಿದಿ. ಗಾಳಿ ಸೋರಬಾರದು.
ಒಳ್ಳೆ ಮೇಕೆ ಚರ್ಮ ಹಾಕಿ. ಗಟ್ಟಿ ಅಂಟು."

ಅಂಟು ಒಣಗಲು ಒಂದು ತಾಸು.
ವರ್ಷವಿಡೀ ಕಾದವಳಿಗೆ ಅದೊಂದು ತಾಸು ಆಗಲೊಲ್ಲದು.
ಚಹಾ ಆರಿತು. ಬೆರಳು ನನ್ನ ಮೇಜಿನ ಮೇಲೆ
ಇಲ್ಲದ ಕಪ್ಪು ಎರಡನ್ನು ಹುಡುಕುತ್ತಿತ್ತು.

"ಬುಧವಾರ ಬುಧವಾರ
ಏನು ನುಡಿಸುತ್ತಿದ್ದಿರಿ?"
ಕೇಳಿದಳು.